ಒಣಗಿದ ಸಿಗಾರಿಗೆ ನೀರು ಮರಳಿಸುವುದು

ಜನವರಿ ತಿಂಗಳ ಜಿನೀವಾ. ಹೊರಗೆ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸು. ಅಷ್ಟು ಚಳಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ 4.85 ಗ್ರಾಂ ನೀರಾವಿ ಇರಲು ಸಾಧ್ಯ. ಅದರ ಶೇ 80ರಷ್ಟು, ಅಂದರೆ 3.9 ಗ್ರಾಂ ಇದ್ದರೂ ಹೊರಗಿನ ಮಟ್ಟಿಗೆ ಅದು ತೇವದ ಹವೆಯೇ. ಇದೇ ಗಾಳಿ ಮನೆಯೊಳಗೆ ಬಂದು ಹೀಟರಿನ ಶಾಖಕ್ಕೆ 21 ಡಿಗ್ರಿಗೆ ಏರಿತೆನ್ನಿ. ಆ ತಾಪಮಾನದಲ್ಲಿ ಒಂದು ಘನ ಮೀಟರಿನಲ್ಲಿ 18.3 ಗ್ರಾಂ ನೀರಾವಿಗೆ ಎಡೆಯುಂಟು. ಇರುವುದು ಮಾತ್ರ ಅದೇ 3.9 ಗ್ರಾಂ. ಶೇ 80 ಇದ್ದ ಸಾಪೇಕ್ಷ ಆರ್ದ್ರತೆ ಶೇ 21ಕ್ಕೆ ಕುಸಿಯಿತು. ಯಾರೂ ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆದಿಲ್ಲ, ಬಿಸಿ ಮಾಡಿದ್ದಷ್ಟೇ. ಆದರೂ ತುಟಿ ಒಡೆಯುತ್ತದೆ, ಪಿಟೀಲಿನ ಹಲಗೆ ಬಿರುಕು ಬಿಡುತ್ತದೆ, ಕ್ಯೂಬಾದಿಂದ ಬಂದ ಸಿಗಾರು ಕೆಲವೇ ವಾರಗಳಲ್ಲಿ ಹಪ್ಪಳದಂತೆ ಗರಿಗರಿಯಾಗುತ್ತದೆ.

ಸಿಗಾರಿನ ಊರಾದ ಹವಾನಾದಲ್ಲಿ ಈ ಸಮಸ್ಯೆ ಇರಲಿಲ್ಲ. ಅಲ್ಲಿನ ಸಮುದ್ರತೀರದ ಹವೆಯಲ್ಲಿ ವರ್ಷದ ಬಹುಪಾಲು ಆರ್ದ್ರತೆ ಶೇ 70ಕ್ಕಿಂತ ಮೇಲೆಯೇ. ಪಿನಾರ್ ಡೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಹೊಲಗಳ ಎಲೆ ಅದೇ ಹವೆಯಲ್ಲಿ ಬೆಳೆದು, ಒಣಗಿ, ಹುದುಗಿ, ಅದೇ ಹವೆಯಲ್ಲಿ ಸುತ್ತಿಸಿಕೊಳ್ಳುತ್ತದೆ. ಹಡಗು ಹತ್ತಿ ಯುರೋಪಿನ ಬೆಚ್ಚನೆಯ ಕೋಣೆ ಸೇರಿದ ಮೇಲೆಯೇ ಅದಕ್ಕೆ ಕೃತಕ ಹವೆ ಬೇಕಾದದ್ದು. ಯುಕ್ರೇನಿನಿಂದ ಜಿನೀವಾಕ್ಕೆ ವಲಸೆ ಬಂದ ಕುಟುಂಬದ ಝೀನೊ ಡೇವಿಡಾಫ್, ಕ್ಯೂಬಾದಲ್ಲಿ ಈ ಕಸುಬನ್ನು ಕಣ್ಣಾರೆ ಕಂಡು ಬಂದು, ತಂದೆಯ ಹೊಗೆಸೊಪ್ಪಿನ ಅಂಗಡಿಯ ನೆಲಮಾಳಿಗೆಯಲ್ಲಿ ಹವೆಯನ್ನೇ ಹತೋಟಿಯಲ್ಲಿಟ್ಟು ಸಿಗಾರು ಕಾಪಿಟ್ಟ. ಮೇಜಿನ ಮೇಲೆ ಇಡುವ ಮರದ ಪೆಟ್ಟಿಗೆ, ಅಂದರೆ ಇಂದು ಹ್ಯುಮಿಡಾರ್ ಎಂದು ಕರೆಸಿಕೊಳ್ಳುವ ವಸ್ತು, ಜನಪ್ರಿಯವಾಗಿದ್ದರಲ್ಲೂ ಅವನ ಪಾಲು ದೊಡ್ಡದು.

ಸಿಗಾರು ಸೇದುವುದು ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ದಾರಿ. ಹೊಗೆಯನ್ನು ಎದೆಯೊಳಗೆ ಎಳೆದುಕೊಳ್ಳದೆ ಬಾಯಲ್ಲೇ ಆಡಿಸಿ ಬಿಟ್ಟರೂ ಆ ಅಪಾಯ ತಪ್ಪದು. ಈ ಅಧ್ಯಾಯದಲ್ಲಿ ನನಗೆ ಬೇಕಿರುವುದು ಹೊಗೆಯಲ್ಲ, ಎಲೆ. ಒಣಗಿದ ಎಲೆಗೆ ನೀರನ್ನು ಮರಳಿಸುವ ಪುಟ್ಟ ಸಾಧನದೊಳಗೆ ನೀರಾವಿಯ ವಿಜ್ಞಾನ ಎಷ್ಟು ಅಚ್ಚುಕಟ್ಟಾಗಿ ಕೂತಿದೆ ಎಂಬುದನ್ನು ತೋರಿಸಬೇಕು. ಅದೇ ವಿಜ್ಞಾನ ನಮ್ಮ ಓಲೆಗರಿಗೂ ವೀಣೆಗೂ ಬಿತ್ತನೆ ಬೀಜಕ್ಕೂ ಅನ್ವಯಿಸುತ್ತದೆ.

ಸಿಗಾರಿನಲ್ಲಿ ಮೂರು ಭಾಗ. ಒಳಗೆ ತುಂಬಿದ ಎಲೆಗಳು, ಅವನ್ನು ಹಿಡಿದು ಕಟ್ಟುವ ಇನ್ನೊಂದು ಎಲೆ, ಹೊರಗೆ ತೆಳ್ಳನೆಯ ನುಣುಪು ಹೊದಿಕೆ. ಕಾಗದ ಇಲ್ಲ, ತುದಿಯಲ್ಲಿ ಒಂದಿಷ್ಟು ಸಸ್ಯದ ಅಂಟು ಬಿಟ್ಟರೆ ಬೇರೇನೂ ಇಲ್ಲ. ಚೆನ್ನಾಗಿರುವ ಸಿಗಾರನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಒಂದಿಷ್ಟು ತಗ್ಗಿ, ಬಿಟ್ಟೊಡನೆ ಮತ್ತೆ ಮೇಲೇಳುತ್ತದೆ. ಒಣಗಿದ್ದು ಒತ್ತಿದಾಗ ಚರಚರ ಸದ್ದು ಮಾಡುತ್ತದೆ, ಬಣ್ಣ ಕಳೆಗುಂದಿರುತ್ತದೆ, ಹೊದಿಕೆಯ ಅಂಚು ಚಕ್ಕೆಯಾಗಿ ಉದುರುತ್ತದೆ. ಹಚ್ಚಿದರೆ ಬೇಗ ಉರಿಯುತ್ತದೆ, ಹೊಗೆ ಕಾರವಾಗುತ್ತದೆ.

ಈ ವ್ಯತ್ಯಾಸವನ್ನು ಗ್ರಾಮಿನಲ್ಲಿ ನೋಡೋಣ. ಸುಮಾರು 12 ಗ್ರಾಂ ತೂಗುವ ಸಿಗಾರಿನಲ್ಲಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ನೀರು; ಅಂದರೆ 1.5 ಗ್ರಾಂ. ಅದು ಒದ್ದೆ ಬಟ್ಟೆಯಲ್ಲಿರುವ ಹಾಗೆ ಹನಿಯಾಗಿ ಇರುವುದಿಲ್ಲ. ಎಲೆಯ ಸೆಲ್ಯುಲೋಸ್, ಪೆಕ್ಟಿನ್‌ಗಳ ಅಣುಗಳಿಗೆ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಅವು ಸುಮ್ಮನೆ ಅಂಟಿ ಕೂತಿರುವುದೂ ಇಲ್ಲ. ಪ್ರತಿ ಕ್ಷಣವೂ ಕೆಲವು ಕಿತ್ತು ಹೊರಗೆ ಹಾರುತ್ತವೆ, ಹೊರಗಿನ ಕೆಲವು ಬಂದು ಅಂಟುತ್ತವೆ. ಹೋಗುವವು ಮತ್ತು ಬರುವವು ಸಮವಾದಾಗ ಎಲೆ ಒಣಗುವುದೂ ಇಲ್ಲ, ನೆನೆಯುವುದೂ ಇಲ್ಲ. ಆ ಸಮತೋಲ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಸುತ್ತಲಿನ ಸಾಪೇಕ್ಷ ಆರ್ದ್ರತೆ. ಸಿಗಾರಿನವರು ಶೇ 65ರಿಂದ 72ರ ನಡುವಿನ ಮಟ್ಟವನ್ನು ಒಪ್ಪುತ್ತಾರೆ. ಅದಕ್ಕಿಂತ ಕೆಳಗೆ ಎಲೆ ಒಡೆಯುತ್ತದೆ. ಶೇ 75 ದಾಟಿದ ಹವೆಯಲ್ಲಿ ಬಹಳ ದಿನ ಇಟ್ಟರೆ ಬೂಷ್ಟು ಹಿಡಿಯುವ ಭಯ.

ಈಗ ಪೆಟ್ಟಿಗೆಯ ಲೆಕ್ಕ. ಹತ್ತು ಲೀಟರ್ ಒಳಜಾಗದ ಪೆಟ್ಟಿಗೆಯಲ್ಲಿ 25 ಸಿಗಾರುಗಳಿವೆ ಎಂದುಕೊಳ್ಳಿ. ಅವುಗಳೊಳಗಿನ ನೀರು ಒಟ್ಟು 37 ಗ್ರಾಮಿಗೂ ಹೆಚ್ಚು. ಅದೇ ಪೆಟ್ಟಿಗೆಯ ಗಾಳಿಯಲ್ಲಿ, 21 ಡಿಗ್ರಿ ತಾಪಮಾನ ಮತ್ತು ಶೇ 70 ಆರ್ದ್ರತೆಯಲ್ಲಿ, ಇರುವ ನೀರಾವಿ 0.13 ಗ್ರಾಂ. ಎಲೆಯಲ್ಲಿರುವುದು ಗಾಳಿಯಲ್ಲಿರುವುದರ ಸುಮಾರು 300 ಪಟ್ಟು. ಪೆಟ್ಟಿಗೆಯ ಗಾಳಿಗೆ ತೇವ ಕೊಟ್ಟರೆ ಕೆಲಸ ಮುಗಿಯಿತು ಎಂದು ಭಾವಿಸುವವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ಒಣಗಿದ ಒಂದೊಂದು ಸಿಗಾರಿಗೂ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ನೀರು ಬೇಕೆಂದರೂ, 25ಕ್ಕೆ 15 ಗ್ರಾಂ ಆಯಿತು. ಅಷ್ಟನ್ನು ಸಾಗಿಸಲು ಪೆಟ್ಟಿಗೆಯ ಗಾಳಿ ನೂರಕ್ಕೂ ಹೆಚ್ಚು ಸಲ ತುಂಬಿ ಖಾಲಿಯಾಗಬೇಕು. ಮುಚ್ಚಳ ತೆರೆದಾಗ ಒಳಗಿನ ಆರ್ದ್ರತಾ ಮಾಪಕದ ಮುಳ್ಳು ಸರ್ರನೆ ಕೆಳಗಿಳಿಯುವುದನ್ನು ಕಂಡು ಗಾಬರಿಯಾಗಬೇಕಿಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಹೊರಹೋದದ್ದು ಹೆಚ್ಚೆಂದರೆ ಒಂದು ಗ್ರಾಮಿನ ಎಂಟನೇ ಒಂದು ಪಾಲು.

ಹಾಗಾದರೆ ನೀರು ಕೊಡುವ ಸಾಧನ ಹೇಗಿರಬೇಕು? ಹಳೆಯ ಮನೆಮದ್ದುಗಳು ಹಲವಿದ್ದವು. ತಗಡಿನ ಡಬ್ಬಿಯಲ್ಲಿ ಸೇಬಿನ ಹೋಳು, ಆಲೂಗಡ್ಡೆಯ ಚೂರು, ಒದ್ದೆ ಸ್ಪಂಜು. ಇವೆಲ್ಲದರ ದೋಷ ಒಂದೇ. ಶುದ್ಧ ನೀರು ಮುಚ್ಚಿದ ಜಾಗದಲ್ಲಿದ್ದರೆ ಅದು ಆ ಜಾಗವನ್ನು ಶೇ 100ರತ್ತ ಒಯ್ಯುತ್ತಲೇ ಇರುತ್ತದೆ. ಸಾಕು ಎನ್ನುವ ಬಿಂದು ಅದಕ್ಕೆ ಗೊತ್ತಿಲ್ಲ. ಸೇಬಿನ ಹೋಳಿನ ಜೊತೆಗೆ ಸಕ್ಕರೆ ಮತ್ತು ಬೂಷ್ಟಿನ ಬೀಜಕಣಗಳೂ ಬರುತ್ತವೆ. ಹೂವಿನ ಅಂಗಡಿಯವರು ಬಳಸುವ ಹಸಿರು ಫೋಮನ್ನು ರಂಧ್ರದ ಡಬ್ಬಿಯಲ್ಲಿಟ್ಟು ನೀರು ತುಂಬಿಸುವ ಸಾಧನ ಬಹಳ ಕಾಲ ಚಾಲ್ತಿಯಲ್ಲಿತ್ತು, ಈಗಲೂ ಅಗ್ಗದ ಪೆಟ್ಟಿಗೆಗಳ ಮುಚ್ಚಳಕ್ಕೆ ಅದೇ ಅಂಟಿಕೊಂಡಿರುತ್ತದೆ. ನೀರಿನ ಜೊತೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದರೆ ಅದು ಸುಧಾರಿಸುತ್ತದೆ. ಗ್ಲೈಕಾಲಿನ ಅಣುಗಳು ನೀರಿನ ಅಣುಗಳ ನಡುವೆ ಸೇರಿ ಆವಿಯಾಗುವುದನ್ನು ತಗ್ಗಿಸುತ್ತವೆ, ಬೂಷ್ಟನ್ನೂ ತಡೆಯುತ್ತವೆ. ದ್ರಾವಣದಲ್ಲಿ ನೀರಿನ ಪಾಲು ಕಡಿಮೆಯಾದಂತೆ ಅದರ ಆವಿಯ ಒತ್ತಡವೂ ಕಡಿಮೆಯಾಗುತ್ತದೆ ಎಂಬ ಈ ನಿಯಮವನ್ನು 1880ರ ದಶಕದಲ್ಲಿ ರೂಪಿಸಿದವನು ಫ್ರಾನ್ಸಿನ ಫ್ರಾಂಸ್ವಾ ಮಾರಿ ರೌಲ್. ಆದರೆ ಇಲ್ಲೊಂದು ತೊಡಕಿದೆ. ನೀರು ಆವಿಯಾಗಿ ಹೋಗುತ್ತದೆ, ಗ್ಲೈಕಾಲ್ ಬಹುಪಾಲು ಉಳಿಯುತ್ತದೆ. ದಿನ ಕಳೆದಂತೆ ದ್ರಾವಣದ ಹದವೂ ಅದು ಕೊಡುವ ಆರ್ದ್ರತೆಯೂ ಬದಲಾಗುತ್ತ ಹೋಗುತ್ತವೆ.

ಹದ ಬದಲಾಗದ ದ್ರಾವಣ ಇದೆಯೇ? ಇದೆ, ಅದನ್ನು ನಮ್ಮ ಕರಾವಳಿಯ ಪ್ರತಿ ಅಡುಗೆಮನೆಯೂ ಕಂಡಿದೆ. ಜೂನ್ ಬಂತೆಂದರೆ ಮಂಗಳೂರು, ಕುಂದಾಪುರ, ಕಾರವಾರಗಳಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದೇ ಉಪ್ಪು ಪುಡಿಪುಡಿಯಾಗಿ ಉಳಿಯುತ್ತದೆ. ಗಡಿರೇಖೆ ಇರುವುದು ಶೇ 75ರಲ್ಲಿ. ಸುತ್ತಲಿನ ಆರ್ದ್ರತೆ ಅದಕ್ಕಿಂತ ಹೆಚ್ಚಿದ್ದರೆ ಸೋಡಿಯಂ ಕ್ಲೋರೈಡ್ ಗಾಳಿಯ ನೀರನ್ನು ಎಳೆದುಕೊಂಡು ಕರಗುತ್ತದೆ, ಕಡಿಮೆಯಿದ್ದರೆ ಆ ಉಪ್ಪುನೀರು ತನ್ನ ನೀರನ್ನು ಬಿಟ್ಟುಕೊಟ್ಟು ಮತ್ತೆ ಹರಳುಗಟ್ಟುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಗದ್ದೆಗಳಲ್ಲಿ ತೆಗೆಯುವಂಥ ಹರಳುಪ್ಪು ಇನ್ನೂ ಬೇಗ ಒದ್ದೆಯಾಗುತ್ತದೆ. ಸಮುದ್ರದುಪ್ಪಿನಲ್ಲಿ ಉಳಿದುಕೊಂಡ ಮೆಗ್ನೀಸಿಯಂ ಕ್ಲೋರೈಡಿನ ಗಡಿ ಶೇ 33ರಲ್ಲೇ ಇರುವುದು ಅದಕ್ಕೆ ಕಾರಣ.

ಒಂದು ಬಟ್ಟಲಲ್ಲಿ ಉಪ್ಪು ಮತ್ತು ಉಪ್ಪುನೀರು ಎರಡೂ ಒಟ್ಟಿಗಿದ್ದರೆ, ಅದನ್ನು ಮುಚ್ಚಿಟ್ಟ ಜಾಗದ ಆರ್ದ್ರತೆ ಶೇ 75ರಲ್ಲಿ ನಿಲ್ಲುತ್ತದೆ. ನೀರಾವಿ ಹೊರಹೋದರೆ ಒಂದಿಷ್ಟು ಉಪ್ಪು ಹರಳಾಗುತ್ತದೆ, ಒಳಬಂದರೆ ಒಂದಿಷ್ಟು ಹರಳು ಕರಗುತ್ತದೆ. ಎರಡೂ ಸಂದರ್ಭದಲ್ಲಿ ದ್ರಾವಣದ ಸಾಂದ್ರತೆ ಬದಲಾಗುವುದೇ ಇಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೊಸಾಯ ವಿಲಾರ್ಡ್ ಗಿಬ್ಸ್ 1870ರ ದಶಕದಲ್ಲಿ ಕಾಗದದ ಮೇಲೆ ಕಂಡುಕೊಂಡ ಸ್ಥಿತಿ ನಿಯಮ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಇಲ್ಲಿ ಘಟಕ ಎರಡು: ನೀರು, ಉಪ್ಪು. ಸ್ಥಿತಿ ಮೂರು: ಹರಳು, ದ್ರಾವಣ, ಆವಿ. ಲೆಕ್ಕ ಹಾಕಿದರೆ ಬದಲಾಯಿಸಲು ಉಳಿಯುವುದು ಒಂದೇ ಅಂಶ, ತಾಪಮಾನ. ಅದನ್ನು ಸ್ಥಿರವಾಗಿಟ್ಟರೆ ಆರ್ದ್ರತೆ ತಾನಾಗಿ ಸ್ಥಿರ. ಅಡುಗೆ ಉಪ್ಪಿನ ವಿಷಯದಲ್ಲಿ ತಾಪಮಾನದ ಪ್ರಭಾವವೂ ತೀರ ಅಲ್ಪ. 20 ಡಿಗ್ರಿಯಲ್ಲಿ ಶೇ 75.5, 30 ಡಿಗ್ರಿಯಲ್ಲಿ ಶೇ 75.1. ಭೌತವಿಜ್ಞಾನದಲ್ಲಿ ಇಷ್ಟು ಅಗ್ಗದ, ಇಷ್ಟು ನಿಷ್ಠೆಯ ನಿಯಂತ್ರಕ ಇನ್ನೊಂದಿದ್ದರೆ ನನಗೆ ಕಾಣದು.

ಪ್ರತಿ ಲವಣಕ್ಕೂ ಅದರದೇ ಸಂಖ್ಯೆ. 1977ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಲೂಯಿಸ್ ಗ್ರೀನ್‌ಸ್ಪ್ಯಾನ್ ಇಂಥ ಲವಣಗಳ ಕೋಷ್ಟಕವನ್ನು ಪ್ರಕಟಿಸಿದ. ಪ್ರಯೋಗಾಲಯಗಳು ಇಂದಿಗೂ ಅದನ್ನೇ ತೆರೆದು ನೋಡುತ್ತವೆ. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಶೇ 11, ಸೋಡಿಯಂ ಬ್ರೋಮೈಡ್ ಶೇ 58, ಪೊಟ್ಯಾಸಿಯಂ ಅಯೊಡೈಡ್ ಶೇ 69, ಪೊಟ್ಯಾಸಿಯಂ ಕ್ಲೋರೈಡ್ ಶೇ 84. ಇದೇ ತತ್ವವನ್ನು ಅಂಗೈಯಗಲದ ಪೊಟ್ಟಣಕ್ಕೆ ಇಳಿಸಿದ್ದು ಅಮೆರಿಕದ ಮಿನೆಸೋಟದಲ್ಲಿ 1990ರ ದಶಕದಲ್ಲಿ ಹುಟ್ಟಿದ, ಇಂದು ಬೊವೇಡಾ ಎಂದು ಹೆಸರಾದ ಕಂಪನಿ. ನೀರಾವಿಯನ್ನು ಬಿಟ್ಟು ದ್ರವವನ್ನು ತಡೆಯುವ ಪೊರೆಯೊಳಗೆ ಲವಣದ ದಪ್ಪ ದ್ರಾವಣ. ಪೊಟ್ಟಣದ ಮೇಲೆ 62, 65, 69, 72 ಎಂದು ಸಂಖ್ಯೆ. ಪೆಟ್ಟಿಗೆ ಒಣಗಿದ್ದರೆ ಪೊಟ್ಟಣ ನೀರು ಕೊಡುತ್ತದೆ, ಹೆಚ್ಚಾಗಿದ್ದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಳಗಿನ ದ್ರವ ಬತ್ತಿ ಪೊಟ್ಟಣ ಪೂರ್ತಿ ಗಟ್ಟಿಯಾದಾಗ ಗಿಬ್ಸನ ಮೂರು ಸ್ಥಿತಿಗಳಲ್ಲಿ ಒಂದು ಇಲ್ಲವಾಯಿತೆಂದು ಅರ್ಥ. ಅದನ್ನು ಬದಲಾಯಿಸಬೇಕು. ಗಿಟಾರು, ಪಿಟೀಲಿನ ಪೆಟ್ಟಿಗೆಗಳಿಗೂ ಇಂಥ ಪೊಟ್ಟಣಗಳು ಸಿಗುತ್ತವೆ.

ವಿದ್ಯುತ್ತಿನ ಸಾಧನಗಳೂ ಉಂಟು. ಅವುಗಳ ಒಳಗೆ ಒಂದು ತೆಳು ಪಾಲಿಮರ್ ಪದರ. ನೀರಾವಿ ಹೀರಿದಂತೆ ಅದರ ವಿದ್ಯುತ್ ಧಾರಕತೆ ಏರುತ್ತದೆ. ನೀರಿನ ಪರಾವೈದ್ಯುತಾಂಕ 80ರಷ್ಟು, ಪಾಲಿಮರಿನದು ಬೆರಳೆಣಿಕೆಯಷ್ಟೇ ಆದ್ದರಿಂದ ಸ್ವಲ್ಪ ನೀರೂ ಗೊತ್ತಾಗಿಬಿಡುತ್ತದೆ. ಮಟ್ಟ ಇಳಿದಾಗ ಪುಟ್ಟ ಫ್ಯಾನು ತಿರುಗಿ ತೊಟ್ಟಿಯ ಆವಿಯನ್ನು ಹರಡುತ್ತದೆ. ದೊಡ್ಡ ಕಪಾಟಿಗೆ ಇದು ಸರಿ, ಸಣ್ಣ ಪೆಟ್ಟಿಗೆಗೆ ಅನಗತ್ಯ. ತೊಟ್ಟಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಬೋರ್‌ವೆಲ್ ನೀರಿನ ಸುಣ್ಣದಂಶ ರಂಧ್ರಗಳನ್ನು ಕಟ್ಟಿಬಿಡುತ್ತದೆ.

ಪೆಟ್ಟಿಗೆಯ ಮರವೂ ಸಾಧನದ ಭಾಗವೇ. ಒಳಗೋಡೆಗೆ ಹಾಕುವುದು ಸ್ಪ್ಯಾನಿಷ್ ಸೀಡರ್. ಹೆಸರು ಹಾಗಿದ್ದರೂ ಅದು ಸ್ಪೇನಿನದಲ್ಲ, ದೇವದಾರು ಜಾತಿಯದೂ ಅಲ್ಲ. ಅಮೆರಿಕದ ಉಷ್ಣವಲಯದ ಸೀಡ್ರೆಲಾ ಒಡೊರಾಟಾ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ನೀರನ್ನು ಹೀರಿ ಬಿಡುವುದರಲ್ಲಿ ಎಲೆಗೆ ಜೊತೆಗಾರ. ಅದಕ್ಕಾಗಿಯೇ ಹೊಸ ಪೆಟ್ಟಿಗೆಯನ್ನು ಖಾಲಿಯಾಗಿಟ್ಟು ಮೊದಲು ಮರಕ್ಕೆ ನೀರು ಕುಡಿಸಬೇಕು, ಇಲ್ಲವಾದರೆ ಸಿಗಾರಿಗೆ ಸೇರಬೇಕಾದ ನೀರನ್ನು ಮರವೇ ಹೀರುತ್ತದೆ. ಈ ಮರವನ್ನು ಕಡಿದದ್ದು ಮಿತಿಮೀರಿದ್ದರಿಂದ 2019ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಆ ಸಭೆ ನಡೆದದ್ದೂ ಜಿನೀವಾದಲ್ಲೇ.

ಎಲ್ಲವನ್ನೂ ಸಜ್ಜುಗೊಳಿಸಿದ ಮೇಲೆ ಬೇಕಾದದ್ದು ತಾಳ್ಮೆ. ಒಣಗಿದ ಸಿಗಾರನ್ನು ಒಮ್ಮೆಲೇ ಶೇ 72ರ ಹವೆಗೆ ಒಡ್ಡಿದರೆ ಹೊರಪದರ ಮತ್ತು ತೆರೆದ ತುದಿ ಬೇಗ ಉಬ್ಬುತ್ತವೆ, ನಡುಭಾಗ ಒಣಗಿಯೇ ಇರುತ್ತದೆ. ಈ ಅಸಮ ಉಬ್ಬಿಗೆ ಹೊದಿಕೆ ಉದ್ದಕ್ಕೆ ಸೀಳುತ್ತದೆ. ಆದ್ದರಿಂದ ಮೊದಲು ಶೇ 62, ಅಲ್ಲಿ ಸಮತೋಲ ಬಂದ ಮೇಲೆ 65, ಆಮೇಲೆ 69 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ನೀರು ಒಳಗಿಳಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣ. ಸಿಗಾರಿನ ದಪ್ಪವನ್ನು ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. 38 ಅಳತೆಯದು 15 ಮಿಲಿಮೀಟರ್, 50 ಅಳತೆಯದು ಸುಮಾರು 20. ದಪ್ಪ ಮೂರನೇ ಒಂದರಷ್ಟು ಹೆಚ್ಚಿದರೆ ಕಾಯುವ ಕಾಲ 1.7 ಪಟ್ಟು. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಎಲೆ ತಣಿದಿದೆಯೇ ಎಂದು ತಿಳಿಯಲು ನಾನು ಆರ್ದ್ರತಾ ಮಾಪಕಕ್ಕಿಂತ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಮಾಪಕ ಓದುವುದು ಗಾಳಿಯನ್ನು, ತಕ್ಕಡಿ ಓದುವುದು ಎಲೆಯನ್ನು. ವಾರಕ್ಕೊಮ್ಮೆ ತೂಗಿದಾಗ ತೂಕ ಏರುವುದು ನಿಂತರೆ ಆ ಮೆಟ್ಟಿಲು ಮುಗಿಯಿತು.

ಹಾಗೆ ತೂಗಿದವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಮೊದಲು ಶೇ 69ರಲ್ಲಿ ಇದ್ದ ತೂಕಕ್ಕೆ ಸಿಗಾರು ಪೂರ್ತಿ ಮರಳುವುದಿಲ್ಲ. ಒಣಗುವಾಗ ಕೋಶಭಿತ್ತಿಯ ಸೆಲ್ಯುಲೋಸ್ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀರು ಕೂರುತ್ತಿದ್ದ ಕೆಲವು ಜಾಗಗಳು ಮುಚ್ಚಿಹೋಗುತ್ತವೆ. ಅದೇ ಆರ್ದ್ರತೆಯಲ್ಲಿ ಒಣಗುತ್ತಿರುವ ಎಲೆಗಿಂತ ನೆನೆಯುತ್ತಿರುವ ಎಲೆಯಲ್ಲಿ ನೀರು ಕಡಿಮೆ. ಎಲೆ ತಾನು ಬಂದ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಪರಿಮಳದ್ದು. ಎಲೆ ಹುದುಗುವಾಗ ಕ್ಯಾರೊಟಿನಾಯ್ಡ್‌ಗಳು ಒಡೆದು ಅಯೊನೋನ್, ಡಮಾಸ್ಕೆನೋನ್‌ಗಳಂಥ ಅಣುಗಳು ಹುಟ್ಟುತ್ತವೆ. ಗುಲಾಬಿಯ ಗಂಧದಲ್ಲೂ ಡಮಾಸ್ಕೆನೋನ್ ಇದೆ. ನೀರಿನ ಜೊತೆ ಇಂಥವೂ ಮೆಲ್ಲಮೆಲ್ಲನೆ ಹಾರಿಹೋಗುತ್ತವೆ. ಸಾಧನ ಮರಳಿಸುವುದು ನೀರನ್ನು ಮಾತ್ರ. ಹಾರಿಹೋದ ಗಂಧವನ್ನಲ್ಲ. ವರ್ಷಗಟ್ಟಲೆ ಒಣಗಿಬಿದ್ದ ಸಿಗಾರು ಮೆತ್ತಗಾಗಬಹುದು, ಮೊದಲಿನದಾಗದು.

ಎಲೆಗೆ ನೀರು ಮರಳಿಸುವ ವಿದ್ಯೆ ನಮ್ಮಲ್ಲೂ ಇದೆ, ಪೆಟ್ಟಿಗೆ ಇಲ್ಲದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಒಣಗಿಸುವ ಮನೆಯ ಬಿಸಿಯಲ್ಲಿ ಬೇಯಿಸಿದಾಗ ಕೊನೆಯ ಹಂತದಲ್ಲಿ ಶಾಖ 70 ಡಿಗ್ರಿಯ ಹತ್ತಿರ ಹೋಗುತ್ತದೆ, ಎಲೆಯ ನಡುನರವೂ ಕಟಕಟನೆ ಮುರಿಯುವಷ್ಟು ಒಣಗುತ್ತದೆ. ಹಾಗೇ ಮುಟ್ಟಿದರೆ ಇಡೀ ಬೆಳೆ ಪುಡಿ. ರೈತರು ಬೆಂಕಿ ಆರಿಸಿ, ಬಾಗಿಲು ಕಿಟಕಿ ತೆರೆದು ರಾತ್ರಿಯ ತಂಪು ಹವೆಯನ್ನು ಒಳಗೆ ಬಿಡುತ್ತಾರೆ. ಸೊಪ್ಪು ಹದಕ್ಕೆ ಬಂದ ಮೇಲೆಯೇ ಇಳಿಸುವುದು. ಹದ ಮೀರಿ ತೇವ ಹೆಚ್ಚಾದರೆ ಕಟ್ಟಿಟ್ಟ ಸೊಪ್ಪಿನ ಮೂಟೆಯೊಳಗೆ ಬೂಷ್ಟು ಬರುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರು ಒಣ ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆರಳಿಗೆ ಬಾಗುವಷ್ಟು ಮೆತ್ತಗಾದ ಮೇಲೆ ಕತ್ತರಿ ಹಾಕುತ್ತಾರೆ. ಇವರ ಕೈ ಅಳೆಯುವುದು ಅದೇ ಸಮತೋಲವನ್ನು.

ಇಂಥ ಸಮತೋಲವನ್ನು ಅಳೆಯುವ ಮೊದಲ ನಂಬಿಕೆಯ ಉಪಕರಣವೂ ಜಿನೀವಾದ್ದೇ. ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನುಷ್ಯರ ಕೂದಲಿನ ಮಾಪಕವನ್ನು ವಿವರಿಸಿದ. ಕೂದಲಿನ ಜಿಡ್ಡು ತೆಗೆದು ಎಳೆದು ಕಟ್ಟಿದರೆ, ಒಣ ಹವೆಯಿಂದ ತೇವದ ಹವೆಗೆ ಬಂದಾಗ ಅದು ಶೇ 2ಕ್ಕಿಂತ ತುಸು ಹೆಚ್ಚು ಉದ್ದವಾಗುತ್ತದೆ, ಮುಳ್ಳು ತಿರುಗುತ್ತದೆ. ಇಂದಿನ ಅಗ್ಗದ ಮಾಪಕಗಳು ಕೂದಲಿನಷ್ಟೂ ನಿಖರವಲ್ಲ. ಅಂಗಡಿಯಿಂದ ತಂದ ದಿನವೇ ನಾಲ್ಕೈದು ಅಂಕ ತಪ್ಪು ತೋರಿಸುವವು ಎಷ್ಟೋ.

ಓದುಗರು, ಅದರಲ್ಲೂ ವಿಜ್ಞಾನ ಕಲಿಸುವ ಶಿಕ್ಷಕರು, ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬೇಕು. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಆರ್ದ್ರತಾ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗಿಟ್ಟು, ಬಿಸಿಲು ತಾಗದ ಕಡೆ ಒಂದು ದಿನ ಬಿಡಿ. ಮಾಪಕ 75 ತೋರಿಸಿದರೆ ಸರಿಯಾಗಿದೆ. 71 ತೋರಿಸಿದರೆ ಇನ್ನು ಮುಂದೆ ಅದು ಹೇಳುವ ಸಂಖ್ಯೆಗೆ 4 ಕೂಡಿಸಿಕೊಳ್ಳಿ.